ಟಿಕೆಟ್ಟಿನ ಹಿಂದೆ ಬರೆದದ್ದು

ರಾತ್ರಿ ಹತ್ತೂ ನಲವತ್ತು. ಗ್ರಿಮ್ಸ್‌ಬಿಯ ಕೊನೆಯ ಬಸ್ಸು
ಮೂಲೆಯಲ್ಲಿ ನಿಂತು ಉಸ್ಸೆಂದು ಬಾಗಿಲು ತೆರೆದ ಸದ್ದು
ಫೋನಿನೊಳಗಿಂದ ಕೇಳಿತು ನನಗೆ.
'ಇಳದೆ' ಅಂದಳು ಸುಜ್ಞಾನಿ.
'ರೈಟ್' ಅಂದೆ.

ಅಲ್ಲಿಂದ ನಮ್ಮ ಬಾಗಿಲಿಗೆ ಹನ್ನೊಂದು ನಿಮಿಷ.
ಮೀನಿನ ಗೋದಾಮು, ಮುಚ್ಚಿದ ಪಬ್ಬು, ಎರಡು ಗೋಡೆಗಳ ನಡುವಿನ ಓಣಿ,
ಖರ್ಚು ಉಳಿಸಲೆಂದು ಒಂದು ಬಿಟ್ಟು ಒಂದು ದೀಪ ಆರಿಸಿದ ಬೀದಿ.
ನಾನೇ ಹೋಗಿ ಕರೆತರಬಹುದಿತ್ತು.
ಮೇಲಿನ ಕೋಣೆಯಲ್ಲಿ ಹೆಪ್ಸಿಬಾ ಮಲಗಿದ್ದಾಳೆ, ಆರು ವರ್ಷ.
ಮಗುವನ್ನು ಒಂಟಿ ಬಿಟ್ಟು ಹೊರಬಿದ್ದರೆ ಇಲ್ಲಿ ದೊಡ್ಡ ತಪ್ಪು
ಎಂದಿದ್ದಾಳೆ ಪಕ್ಕದ ಮನೆಯ ಮೋರೀನ್,
ಬೇಲಿಯ ಆಚೆಯಿಂದ, ಬಹಳ ಮೆಲ್ಲಗೆ.
ಬೀದರಿನಲ್ಲಾಗಿದ್ದರೆ... ಬಿಡು.
ಬೀದರಿನ ಮಾತು ಇಲ್ಲಿ ಹರಿದ ನೋಟು, ಯಾರೂ ತಗೊಳ್ಳರು.

ಆದ್ದರಿಂದ ಮಾತಾಡಿಸುತ್ತೇನೆ.
ಏನು ಮಾತು? ಪ್ರೀತಿಯ ಮಾತಿಗೆ ದನಿ ತಗ್ಗುತ್ತದೆ,
ಮಗಳ ಕೆಮ್ಮಿನ ಮಾತಿಗೆ ಹೆಜ್ಜೆ ತಪ್ಪುತ್ತದೆ.
ತೆರಿಗೆಯಾದರೆ ಗಟ್ಟಿಯಾಗಿ, ಜಗಳದ ದನಿಯಲ್ಲಿ,
ಬೀದಿಗೆಲ್ಲ ಕೇಳುವಂತೆ ಆಡಬಹುದು.
ಗಂಡಸೊಬ್ಬ ಇವಳ ಕಿವಿಯಲ್ಲಿದ್ದಾನೆಂದು
ಕತ್ತಲಿಗೆ ಗೊತ್ತಾಗಲಿ.

ಸಂಬಳದ ಚೀಟಿ ಮೇಜಿನ ಮೇಲೆ ಹರಡಿ
ಸ್ಟೇಜು ಸ್ಟೇಜಾಗಿ ಕೂಗುತ್ತೇನೆ,
ಹದಿನಾಲ್ಕು ವರ್ಷ ಬೀದರ್-ಔರಾದ್ ರೂಟಿನಲ್ಲಿ ಕೂಗಿದಂತೆ:
ಒಟ್ಟು ಸಂಬಳ ಎರಡು ಸಾವಿರದ ನಾನೂರ ತೊಂಬತ್ತು, ಜನವಾಡಾ.
ತೆರಿಗೆ ನಾನೂರ ತೊಂಬತ್ತೆಂಟು, ಕೌಠಾ.
'ಯಾಕ್ರಿ ಅಷ್ಟು?'
'ನಿನ್ನ ಕೋಡು ಸೊನ್ನೆ ಟಿ ಅಂತ ಹಾಕ್ಯಾರ.
ನೀ ಯಾರಂತ ಸರಕಾರಕ್ಕ ಇನ್ನೂ ಗೊತ್ತಿಲ್ಲ.
ಗೊತ್ತಾಗೋ ತನಕ ಪೂರಾ ಟಿಕೆಟ್ಟು.'
'ನರ್ಸ್ ಅಂತ ಗೊತ್ತಿದ್ದೇ ಕರೆಸ್ಯಾರಲ್ಲ!'
'ಎಲ್ಲಿದ್ದಿ?'
'ಪಬ್ಬು ದಾಟಿದೆ.'

ಹೆಚ್ಚಿಗೆ ಹಿಡಿದ ಇನ್ನೂರ ಒಂಬತ್ತು ಪೌಂಡು ತಿರುಗಿ ಬರುತ್ತದಂತೆ.
ನಂಬುತ್ತೇನೆ. ನಾನೂ ಎಷ್ಟು ಟಿಕೆಟ್ಟುಗಳ ಹಿಂದೆ
ಬಾಕಿ ಚಿಲ್ಲರೆ ಬರೆದು ಕೊಟ್ಟಿಲ್ಲ,
ಇಳಿಯುವಾಗ ತಗೋ ಎಂದು.
ಕೇಳಿದವರಿಗೆ ಕೊಟ್ಟಿದ್ದೇನೆ.
ಕೇಳದೆ ಇಳಿದುಹೋದ ಮುದುಕಿಯರ ಒಂದು, ಎರಡು ರೂಪಾಯಿ
ಡಿಪೋದಲ್ಲಿ ಚಹಾ ಆಗಿವೆ. ಈಗ ಹೇಳಿಬಿಡುತ್ತೇನೆ.
ಅದಕ್ಕೇ ನನಗೆ ಗೊತ್ತು, ಕೇಳಬೇಕು.
ಫೋನಿನಲ್ಲಿ ಪಿಯಾನೋ ಬಾರಿಸಿ ನಲವತ್ತು ನಿಮಿಷ ಕೂರಿಸಿದರೂ
ಟಿಕೆಟ್ಟು ಚಾಚಿಕೊಂಡು ನಿಂತೇ ಇರಬೇಕು.

ಓಣಿ ಬಂತು. ಅವಳ ಹೆಜ್ಜೆ ಬಿರುಸಾಯಿತು.
ಹೋದ ಮಂಗಳವಾರ ಇಲ್ಲೇ
ಕಾರಿನ ಕಿಟಕಿಯಿಂದ ಒಂದು ಮಾತು ಬಂತು, ಹಿಂದೆಯೇ ಒಂದು ಮೊಟ್ಟೆ.
ಕೋಟು ತೊಳೆದೆವು. ಮೊಟ್ಟೆಯದು ಹೇಳಿದಳು,
ಮಾತು ಯಾವುದೆಂದು ಹೇಳಲಿಲ್ಲ.
ಹಗಲಲ್ಲಿ ಒಬ್ಬ ಪೊಲೀಸು ಬಂದ, ಕೇಳದೆಯೇ ಬೂಟು ಬಿಚ್ಚಿಟ್ಟ,
ಒಂದು ನಂಬರು ಬರೆದುಕೊಟ್ಟು ಹೋದ.
ಅದೂ ಒಂದು ಟಿಕೆಟ್ಟು. ಮಡಚಿ ಇಟ್ಟಿದ್ದೇನೆ.

ಕೌನ್ಸಿಲ್ಲಿನ ಬಿಲ್ಲಿನಲ್ಲಿ ಪೊಲೀಸಿಗೆಂದೇ ಒಂದು ಸಾಲು,
ವರ್ಷಕ್ಕೆ ಇನ್ನೂರ ಎಂಟು ಪೌಂಡು.
ಹನ್ನೆರಡರಿಂದ, ಮತ್ತೆ ಮೂವತ್ತರಿಂದ ಭಾಗಿಸಿದೆ, ಚಟ.
ರಾತ್ರಿಯೊಂದಕ್ಕೆ ಐವತ್ತೆಂಟು ಪೆನ್ನಿ.
ಓದಿ ಹೇಳಿದೆ. ಓಣಿಯ ನಡುಮಧ್ಯೆ ನಕ್ಕಳು:
'ಐವತ್ತೆಂಟು ಪೆನ್ನಿಗೆ ಒಂದು ದೀಪಾನೂ ಹತ್ತಂಗಿಲ್ಲೇನ್ರಿ?'
ಆ ನಗು ಗೋಡೆಗೆ ಬಡಿದು ಎರಡಾಗಿ ಕೇಳಿತು.

ಮೆಟ್ಟಿಲ ಮೇಲೆ ಹೆಪ್ಸಿಬಾ, ನಿದ್ದೆಗಣ್ಣು.
'ಒಂಬತ್ತು ಮೂರು ಸಲ ಒತ್ತಲಾ ಪಪ್ಪಾ?'
ಶಾಲೆಯಲ್ಲಿ ಕಲಿಸಿದ್ದಾರೆ.
ನನ್ನ ದನಿ ಜಗಳವೆಂದುಕೊಂಡಿದೆ ಮಗು.
'ಬ್ಯಾಡವ್ವಾ. ಮಮ್ಮಿ ಸಂತಪುರಕ್ಕ ಬಂದಳು. ಇನ್ನೊಂದೇ ಸ್ಟೇಜು.'

ಗೇಟಿನ ಕೀಲು ಕಿರುಗುಟ್ಟಿತು,
ಮೊದಲು ಬಾಗಿಲಾಚೆ, ಅರೆಗಳಿಗೆ ತಡೆದು ಫೋನಿನಲ್ಲಿ.
'ಹೋಲ್ಡಾನ್!' ಅಂದೆವು ಅಪ್ಪ ಮಗಳು ಇಬ್ಬರೂ.

ಬಾಗಿಲು ನಾನೇ ತೆರೆದೆ.
ಆದರೂ ಅವಳ ಮುಷ್ಟಿಯಲ್ಲಿ ಕೀಲಿಗೊಂಚಲು,
ಬೆರಳ ಸಂದಿಗೊಂದರಂತೆ
ಹಲ್ಲು ಹೊರಗೆ.